ಊಟದ ಮೇಜೂ ಬಿಸಿ ರೊಟ್ಟಿಯೂ

ಈ ವರ್ಷ ಮಗಳ ಬಾಯಿ ಬಿಡಿಸಿಯೇ ತೀರುತ್ತೇನೆ ಎಂದು ಶಿವಯೋಗೀಶ ಪ್ರತಿಜ್ಞೆ ಮಾಡಿದ. ಮಾಡಿದ್ದು ಎಲ್ಲಿ ಅಂತೀರಿ? ಅಮರಗೋಳದ ಮಾರುಕಟ್ಟೆಯಲ್ಲಿ, ತನ್ನ ಅಂಗಡಿಯ ಗಾದಿಯ ಮೇಲೆ, ಜೋಳದ ಚೀಲಗಳನ್ನು ಸಾಕ್ಷಿಗಿಟ್ಟುಕೊಂಡು, ಪಕ್ಕದ ಅಂಗಡಿಯವರು ಚಹಾ ಕುಡಿಯುತ್ತ ಕೇಳುತ್ತಿರುವಾಗ! ಹಿಂದಿನ ಕಾಲದ ಪ್ರತಿಜ್ಞೆಗಳಿಗೆ ಆಕಾಶದಿಂದ ಹೂವು ಉದುರುತ್ತಿದ್ದವಂತೆ. ಇವನ ಪ್ರತಿಜ್ಞೆಗೆ ಮೇಲಿನ ತಗಡಿನಿಂದ ಒಂದು ಪಾರಿವಾಳದ ಪುಕ್ಕ ಉದುರಿತು. ಅದೂ ಶುಭಶಕುನವೇ ಎಂದುಕೊಂಡ.

ಮಗಳು ಸೌಮ್ಯಾ ಆರನೆಯ ಇಯತ್ತೆಯ ಹುಡುಗಿ. ಮೂಕಿಯೇನಲ್ಲ. ಬೆಂಗೇರಿಯ ಮನೆಯ ಅಡುಗೆಮನೆಯಲ್ಲಿ ಅವ್ವ ಶಾಂಭವಿಯ ಬೆನ್ನಿಗೆ ಆತು ಕೂತರೆ ಅವಳ ಬಾಯಿಗೆ ಬೀಗವೇ ಇಲ್ಲ. ಆದರೆ ನಾಲ್ಕು ಜನರೆದುರು ನಿಲ್ಲಿಸಿದರೆ ತುಟಿಗೆ ತುಟಿ ಅಂಟಿಬಿಡುತ್ತಿತ್ತು. ಈ ರೋಗದ ಮೂಲ ಶಿವಯೋಗೀಶನಿಗೆ ಗೊತ್ತಿತ್ತು. ಅದು ಅವನದೇ ಪಿತ್ರಾರ್ಜಿತ ಆಸ್ತಿ. ವ್ಯಾಪಾರಸ್ಥರ ಸಂಘದ ಸಭೆಯಲ್ಲಿ ವಂದನಾರ್ಪಣೆಗೆ ಎದ್ದವನು ಮೈಕಿಗೇ ಕೈಮುಗಿದು ಕೂತುಬಿಟ್ಟಿದ್ದ. ಜೋಳದ ಕಾಳನ್ನು ಅಂಗೈಯಲ್ಲಿ ಉರುಳಿಸಿ ಯಾವ ಸೀಮೆಯ ಹೊಲದ್ದೆಂದು ಹೇಳಬಲ್ಲವನಿಗೆ ಹತ್ತು ಜನರೆದುರು ಹತ್ತು ಮಾತಾಡಲು ಬರುತ್ತಿರಲಿಲ್ಲ. ಏನನ್ನಾದರೂ ಕೊಟ್ಟೇನು, ಇದೊಂದನ್ನು ಮಾತ್ರ ಮಗಳಿಗೆ ಕೊಡಲಾರೆ ಎಂದೇ ಅವಳನ್ನು ರಾಯಾಪುರದ ಆ ಶಾಲೆಗೆ ಹಾಕಿದ್ದ.

ಆ ಶಾಲೆ ಊರಿನ ಉಳಿದ ಶಾಲೆಗಳಂತಲ್ಲ. ಸಮುವೇಲಪ್ಪ ಮಾಸ್ತರರೂ ಅವರ ಹೆಂಡತಿಯೂ ಹಳೆಯದೊಂದು ಹಂಚಿನ ಬಂಗಲೆಯಲ್ಲಿ ನಡೆಸುವ ಪುಟ್ಟ ಕ್ರೈಸ್ತ ಶಾಲೆ. ಬೆಳಿಗ್ಗೆ ಪ್ರಾರ್ಥನೆ, ಆಮೇಲೆ ಹಳೇ ಕಾಲದ ಪದ್ಧತಿಯಲ್ಲಿ ಲ್ಯಾಟಿನ್, ತರ್ಕ, ಭಾಷಣಕಲೆ. ವಿದ್ಯೆಗೆ ಮೂರು ಮೆಟ್ಟಿಲು ಎಂದು ಮಾಸ್ತರರು ಹೇಳುತ್ತಿದ್ದರು. ಮೊದಲನೆಯದು ಬಾಯಿಪಾಠ, ಎರಡನೆಯದು ‘ಯಾಕೆ’ ಎಂದು ಕೇಳುವುದು, ಮೂರನೆಯದು ಕಂಡ ಸತ್ಯವನ್ನು ಚೆಂದಾಗಿ ಹೇಳುವುದು. ಶಿವಯೋಗೀಶನಿಗೆ ಬೇಕಾಗಿದ್ದದ್ದು ಮೂರನೆಯ ಮೆಟ್ಟಿಲು ಮಾತ್ರ. ಬಿಡಿಯಾಗಿ ಸಿಗುವುದಿಲ್ಲ ಎಂದರು.

ಅವನ ತಾಯಿ ಸಂಗವ್ವ ಮೊದಲು ಒಪ್ಪಿರಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಕೂಸು ಅಲ್ಲಿ ಏನು ಕಲಿತೀತೋ ಎಂಬ ಆತಂಕ ಆಕೆಗೆ. ಒಂದು ದಿನ ತಾನೇ ಹೋಗಿ ನೋಡಿ ಬಂದಳು. ಮಧ್ಯಾಹ್ನ ಮಾಸ್ತರರು ಸೊಂಟಕ್ಕೆ ಟವೆಲ್ ಕಟ್ಟಿಕೊಂಡು ಮಕ್ಕಳಿಗೆಲ್ಲ ಬಡಿಸಿ, ಕಡೆಗೆ ತಾವು ಉಂಡು, ತಾಟು ತಾವೇ ತೊಳೆದಿಟ್ಟರಂತೆ. ಏಸುಸ್ವಾಮಿ ಶಿಷ್ಯರ ಕಾಲು ತೊಳೆದನಲ್ಲ, ಅದಕ್ಕೇ ನಮ್ಮಲ್ಲಿ ದೊಡ್ಡವರೇ ಬಡಿಸುವುದು ಎಂದರಂತೆ. ನಮ್ಮ ನಂಬಿಕೆಯನ್ನು ನಾವು ಮುಚ್ಚಿಡುವುದಿಲ್ಲ, ನಿಮ್ಮ ಕೂಸಿನ ಲಿಂಗ ಬಿಡಿಸುವುದೂ ಇಲ್ಲ ಎಂದು ನೇರವಾಗಿ ಹೇಳಿದರಂತೆ. “ಇದು ನಮ್ಮ ದಾಸೋಹನ ಬಿಡೋ,” ಎಂದು ಸಂಗವ್ವ ಮನೆಗೆ ಬಂದು ತೀರ್ಪು ಕೊಟ್ಟಳು, “ಹುಡುಗಿ ಅಲ್ಲೇ ಕಲೀಲಿ.”

ಎಲ್ಲ ಸರಿ. ಆದರೆ ವರ್ಷದ ಕೊನೆಗೆ ಅಲ್ಲಿ ಮಾತಿನ ದಿನ ಎಂದೊಂದು ಬರುತ್ತದೆ. ಪ್ರತಿ ಮಗುವೂ ಒಂದು ಸದ್ಗುಣದ ಬಗ್ಗೆ ಲ್ಯಾಟಿನ್ನಿನಲ್ಲಿ ಒಂದು ಸಾಲು ಹೇಳಿ, ಆಮೇಲೆ ತನ್ನ ಮನೆಮಾತಿನಲ್ಲಿ ಅದನ್ನು ಬಿಡಿಸಿ ಹೇಳಬೇಕು. ಕೂತವರು ಪ್ರಶ್ನೆ ಕೇಳಬಹುದು. ಹೋದ ವರ್ಷ ಸೌಮ್ಯಾಳ ಪಾಲಿಗೆ ಬಂದದ್ದು ‘ಧೈರ್ಯ’. ಧೈರ್ಯದ ಬಗ್ಗೆ ಮಾತಾಡಲು ನಿಂತವಳು ಒಂದು ಮಾತೂ ಆಡದೆ ಇಳಿದು ಬಂದಳು. ರಾಯಾಪುರದಿಂದ ಬೆಂಗೇರಿಯವರೆಗೂ ಸ್ಕೂಟರಿನ ಹಿಂದೆ ಕೂತು ಅತ್ತಳು. ಮನೆ ಮುಟ್ಟುವ ಹೊತ್ತಿಗೆ ಅಪ್ಪನ ಅಂಗಿಯ ಬೆನ್ನು ಒದ್ದೆಯಾಗಿತ್ತು. ಅಂಗಿ ಒಣಗಿತು, ಶಿವಯೋಗೀಶನ ಸಂಕಟ ಮಾತ್ರ ಆರಲಿಲ್ಲ.

ಈ ಸಲ ಅವಳ ಪಾಲಿಗೆ ‘ನ್ಯಾಯ’ ಬಂದಿತ್ತು. ಏನು ಮಾಡಲಿ ಎಂದು ಮಾಸ್ತರರನ್ನು ಕೇಳಿದ. ಮನೆಯಲ್ಲಿ ಎಲ್ಲರೂ ಕೂಡಿ ಕೂತು ಉಣ್ಣಿರಿ, ಟಿವಿ ಬೇಡ, ಫೋನ್ ಬೇಡ, ಒಂದು ಒಳ್ಳೆಯ ಪ್ರಶ್ನೆ ಹಾಕಿ ಮಗುವಿನ ಮಾತಿಗೆ ಕಾಯಿರಿ ಎಂದರು ಅವರು. ಅವರ ಮನೆಯಲ್ಲಿ ಹಾಗೆ ಊಟದ ಮೇಜಿನ ಸುತ್ತಲೇ ಮಕ್ಕಳು ಮಾತು ಕಲಿತರಂತೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ಎರಡೂ ಒಂದೇ ಕಡೆ ಸಿಗುವುದಾದರೆ ಬಿಡುವವನು ಯಾರು? ಮಾಸ್ತರರ ಅಷ್ಟೂ ಮಾತಿನಲ್ಲಿ ಶಿವಯೋಗೀಶನ ವ್ಯಾಪಾರಿ ಕಿವಿ ಗಟ್ಟಿಯಾಗಿ ಹಿಡಿದದ್ದು ಒಂದನ್ನೇ: ಮೇಜು!

ಆವರೆಗೆ ಆ ಮನೆಯಲ್ಲಿ ಊಟ ಅಡುಗೆಮನೆಯ ನೆಲದ ಮೇಲೆ ನಡೆಯುತ್ತಿತ್ತು. ಶಾಂಭವಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ಹಂಚಿನಿಂದ ಎದ್ದ ರೊಟ್ಟಿ ನೇರ ತಾಟಿಗೆ ಬೀಳುತ್ತಿತ್ತು. ಆರಿದ ರೊಟ್ಟಿಯನ್ನು ಶಿವಯೋಗೀಶ ಮುಟ್ಟುತ್ತಿರಲಿಲ್ಲ. ಜೋಳದ ವ್ಯಾಪಾರಿಯ ಮರ್ಯಾದೆಯ ಪ್ರಶ್ನೆ ಅದು. ಎಲ್ಲರದೂ ಆದ ಮೇಲೆ ಶಾಂಭವಿ ಉಣ್ಣುವಳು. ಊರೆಲ್ಲ ಹಾಗೇ ಉಣ್ಣುತ್ತಿದ್ದುದರಿಂದ ಅದರಲ್ಲಿ ಯಾರಿಗೂ ಏನೂ ಕಂಡಿರಲಿಲ್ಲ.

ಬಂತು ಸಾಗವಾನಿ ಮೇಜು! ಪಕ್ಕದ ಮನೆಯ ಫರಾಜ ಬಂದು ಒಂದು ತುದಿ ಹಿಡಿದ. ಉದ್ದ ಹಿಡಿದರು, ಅಡ್ಡ ಹಿಡಿದರು, ಕಾಲು ಮೇಲೆ ಮಾಡಿದರು. ಅಡುಗೆಮನೆಯ ಬಾಗಿಲು ಜಪ್ಪಯ್ಯ ಅಂದರೂ ಒಳಗೆ ಬಿಡಲಿಲ್ಲ. ಕೊನೆಗೆ ಮುಂದಿನ ಪಡಸಾಲೆಯಲ್ಲಿ ಪ್ರತಿಷ್ಠಾಪನೆಯಾಯಿತು. ಅಲ್ಲಿಂದ ಒಲೆ ಕಾಣುವುದಿಲ್ಲ. ಒಲೆಯ ಮುಂದೆ ಇರುವವರೂ ಕಾಣುವುದಿಲ್ಲ.

ಮೊದಲ ಸಂಜೆ ಶಿವಯೋಗೀಶ ಗಂಟಲು ಸರಿಮಾಡಿಕೊಂಡು ನ್ಯಾಯ ಎಂದರೇನು ಎಂದು ಕೇಳಿದ. ಕಾಯಿರಿ ಎಂದು ಮಾಸ್ತರರು ಹೇಳಿದ್ದು ಮರೆತು ತಾನೇ ಶುರುಮಾಡಿದ. ಯಾರ ಪಾಲು ಅವರಿಗೆ ಮುಟ್ಟಿಸುವುದೇ ನ್ಯಾಯ. ತಕ್ಕಡಿಯೇ ಅದರ ದೇವರು! ಎದುರಿಗೆ ಎಣ್ಣೆಗಾಯಿ ಪಲ್ಯ ಇತ್ತು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂಬ ಗಾದೆ ಇಷ್ಟು ಅಕ್ಷರಶಃ ನಡೆದದ್ದನ್ನು ನೀವು ಬೇರೆಲ್ಲೂ ನೋಡಿರಲಾರಿರಿ. ಅವನು ನ್ಯಾಯದ ಒಂದು ಮಾತು ಮುಗಿಸುವಷ್ಟರಲ್ಲಿ ಶಾಂಭವಿ ಒಳಗಿನಿಂದ ಓಡಿಬಂದು ಒಂದು ಬಿಸಿ ರೊಟ್ಟಿ ಹಾಕಿ, ಹಂಚಿನ ಮೇಲಿನದು ಹೊತ್ತೀತೆಂದು ಓಡಿಹೋಗುತ್ತಿದ್ದಳು. ಕುರ್ಚಿಯಲ್ಲಿ ಕಾಲು ನೆಲಕ್ಕೆ ಎಟುಕದ ಸಂಗವ್ವ ಇದೆಲ್ಲಿಯ ಶಿಕ್ಷೆ ಎನ್ನುತ್ತಿದ್ದಳು. ಸೌಮ್ಯಾ ಅಡುಗೆಮನೆಯ ಬಾಗಿಲ ಕಡೆ ನೋಡುತ್ತ ಉಂಡು ಎದ್ದುಹೋದಳು. ದಿನ ಕಳೆದಂತೆ ಇವನ ಭಾಷಣ ಬೆಳೆಯಿತು. ಮಗಳ ಮಾತಿರಲಿ, ಮೊದಲಿದ್ದ ಗುಣುಗುಣುವೂ ನಿಂತಿತು.

ಒಂದು ಸಂಜೆ ಅವನು ನೊಂದುಕೊಂಡ. ಇಷ್ಟೆಲ್ಲ ಮಾಡಿದರೂ ಮಗು ಬಾಯಿ ಬಿಡುತ್ತಿಲ್ಲ, ಎಲ್ಲರೂ ಕೂಡಿ ಉಣ್ಣುವುದರಿಂದ ಏನೂ ಉಪಯೋಗವಾಗಲಿಲ್ಲ ಎಂದ. ಶಾಂಭವಿ ರೊಟ್ಟಿ ಹಿಡಿದುಕೊಂಡೇ ನಿಂತಳು.

“ಎಲ್ಲಾರೂ ಕೂಡಿ ಅಂತೀರಿ. ಎಲ್ಲಾರಾಗ ನಾ ಇಲ್ಲೇನ್ರಿ?”

ಕೋಪದಿಂದ ಕೇಳಿದ್ದಲ್ಲ. ನಗುತ್ತಲೇ ಕೇಳಿದಳು. ಆದರೆ ಮೇಜು ಕೊಂಡವನಿಗೆ ಅದು ನೇರ ಎದೆಗೆ ತಾಗಿತು. ತಾಗಿದ ಗಂಡಸು ಸುಮ್ಮನಿರುತ್ತಾನೆಯೇ?

“ನಾಳಿ ನೀ ಕೂಡು. ರೊಟ್ಟಿ ನಾ ಬಡೀತೇನಿ. ಜೋಳ ನನಗೇನ್ ಹೊಸಾದಲ್ಲ.”

“ಜೋಳ ಹೊಸಾದಲ್ರಿ, ಖರೇ,” ಎಂದಳು ಶಾಂಭವಿ. “ಹಿಟ್ಟು ಹೊಸಾದು.”

ಮರುದಿನ ಸಂಜೆ ಶಿವಯೋಗೀಶ ಪಂಚೆ ಎತ್ತಿ ಕಟ್ಟಿ, ಯಾರೂ ಒಳಗೆ ಕಾಲಿಡಕೂಡದೆಂದು ಅಪ್ಪಣೆ ಮಾಡಿ ರಣರಂಗ ಪ್ರವೇಶಿಸಿದ. ಜೋಳದ ಹಿಟ್ಟನ್ನು ಕುದಿಯುವ ನೀರಿಗೆ, ಅಂದರೆ ಎಸರಿಗೆ, ಹಾಕಿ ನಾದಬೇಕೆಂಬುದು ಬೆಂಗೇರಿಯ ಬೆಕ್ಕಿಗೂ ಗೊತ್ತು. ಇವನು ನಲ್ಲಿಯ ತಣ್ಣೀರು ಸುರಿದ. ಹಿಟ್ಟು ಬಿರಿಯಿತು. ಬಡಿದ, ಒಡೆಯಿತು, ಕೂಡಿಸಿ ಬಡಿದ, ನಾಲ್ಕು ದಿಕ್ಕಿಗೆ ನಾಲ್ಕು ಹೋಳಾಯಿತು. ಕಿತ್ತೂರು ಕೋಟೆಗೆ ಬಿದ್ದ ಪೆಟ್ಟಿಗಿಂತ ಹೆಚ್ಚು ಪೆಟ್ಟು ಆ ಹಿಟ್ಟಿಗೆ ಬಿದ್ದವು! ಹಣೆಗೆ ಹಿಟ್ಟು, ಮೀಸೆಗೆ ಹಿಟ್ಟು. ಹಠ ಬಿಡದೆ ಮತ್ತೆ ಮತ್ತೆ ಕಲಸಿ, ದಪ್ಪವಾಗಿ ತಟ್ಟಿ, ಅಂತೂ ರೊಟ್ಟಿ ಎಂದು ಕರೆಯಬಹುದಾದ ಒಂದು ಪದಾರ್ಥ ಹಂಚಿನಿಂದ ಇಡಿಯಾಗಿ ಎದ್ದಿತು. ಅದನ್ನು ಕಪಾಟಿನ ಮೇಲಿಟ್ಟು ಎರಡನೆಯದನ್ನು ಹಂಚಿಗೆ ಹಾಕಿ, ನೀರು ಸವರುವ ಅರಿವೆಯನ್ನು ಕೈಯಲ್ಲಿ ಹಿಡಿದ.

ಆಗ ಪಡಸಾಲೆಯಿಂದ ಒಂದು ದನಿ ಕೇಳಿತು. ಸೌಮ್ಯಾ ಮಾತಾಡುತ್ತಿದ್ದಳು! ಕೂತು ಬಿಡುವಾಗಿದ್ದ ಅವ್ವನಿಗೆ ಶಾಲೆಯ ಹುಣಸೇಮರ, ಗೆಳೆಯ ಅಕೀಬ ತರ್ಕದಲ್ಲಿ ಸೋತದ್ದು, ಲ್ಯಾಟಿನ್ನಿನ ರೂಪಗಳು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳುತ್ತಿದ್ದಳು. ಯಾವ ಮಾತಿಗಾಗಿ ಮೇಜು ತಂದನೋ ಆ ಮಾತು ಆ ಮೇಜಿನ ಮೇಲೇ ಹರಿಯುತ್ತಿತ್ತು, ಇವನು ಮಾತ್ರ ಅಲ್ಲಿರಲಿಲ್ಲ. ಅಸೂಯೆಯಾಯಿತು. ಅದಕ್ಕಿಂತ ಹೆಚ್ಚು ಆನಂದವಾಯಿತು. ಬಾಗಿಲಿಗೆ ಕಿವಿ ಕೊಟ್ಟು ನಿಂತೇಬಿಟ್ಟ.

ಅರಿವೆಯನ್ನು ಒಲೆಯ ಪಕ್ಕದಲ್ಲೇ ಎಸೆದಿದ್ದ. ಅದು ಒಣಗಿ, ಅಂಚಿಗೆ ಉರಿ ತಾಗಿ, ಹಂಚಿನ ರೊಟ್ಟಿ ಇದ್ದಿಲಾಗಿ, ಹೊಗೆ ಕಿಟಕಿಯಿಂದ ಓಣಿಗೆ ಹೋಗಿ, ಓಣಿಯಿಂದ ಫರಾಜ ಬಕೆಟ್ ಸಮೇತ ಹಿತ್ತಲ ಬಾಗಿಲಲ್ಲಿ ಬಂದ. ಹಿಂದೆಮುಂದೆ ನೋಡದೆ ಸುರಿದ. ಒಲೆ ಆರಿತು, ಹಿಟ್ಟು ಗಂಜಿಯಾಯಿತು, ಶಿವಯೋಗೀಶ ತೊಯ್ದ ಚೀಲವಾದ. ಕಪಾಟಿನ ಮೇಲಿಟ್ಟಿದ್ದ ಮೊದಲ ರೊಟ್ಟಿ ಒಂದೇ ಉಳಿದದ್ದು.

ಅದನ್ನೇ ತಂದು ಶಾಂಭವಿಯ ತಾಟಿಗೆ ಹಾಕಿದ. ದಪ್ಪವಾಗಿತ್ತು, ಅಂಚು ಕಪ್ಪಾಗಿತ್ತು, ಇನ್ನೂ ಬಿಸಿಯಿತ್ತು. ಅವಳು ಒಂದು ತುಣುಕೂ ಬಿಡದೆ ತಿಂದಳು. ಹೇಗಿದೆ ಎಂದು ಕೇಳಿದ್ದಕ್ಕೆ ಸ್ವಲ್ಪ ಯೋಚಿಸಿ, “ನಿಮ್ಮ ಜೋಳ ಛಲೋ ಐತ್ರಿ,” ಎಂದಳು. ಉಳಿದವರು ಚುರಮುರಿ ತಿಂದು ಮಲಗಿದರು.

ಮರುದಿನದಿಂದ ಎಲ್ಲವೂ ಯಥಾಪ್ರಕಾರ. ತಾನು ರೊಟ್ಟಿ ಬಡಿದ ಸಾಹಸವನ್ನು ಶಿವಯೋಗೀಶ ಮಾರುಕಟ್ಟೆಯಲ್ಲಿ ಮಾತ್ರ ಬಹಳ ದಿನ ಮಾರಿದ. ಮಗಳಿಗೆ ನ್ಯಾಯದ ವ್ಯಾಖ್ಯೆಯನ್ನು ಸ್ಕೂಟರಿನ ಮೇಲೆ ದಿನಾ ಬಾಯಿಪಾಠ ಮಾಡಿಸಿದ.

ಮಾತಿನ ದಿನ ಬಂತು. ಶಾಲೆಯ ಪಡಸಾಲೆ ತುಂಬಿತ್ತು. ಶಿವಯೋಗೀಶ ಮುಂದಿನ ಸಾಲಿನಲ್ಲೇ ಕೂತ, ಪಕ್ಕದಲ್ಲಿ ಶಾಂಭವಿ. ಸೌಮ್ಯಾ ಬಂದು ನಿಂತು ಲ್ಯಾಟಿನ್ನಿನ ಸಾಲನ್ನು ಹೇಳಿದಳು. ಆಮೇಲೆ ನಿಂತುಬಿಟ್ಟಳು. ತುಟಿ ಅಂಟಿತು. ಹೋದ ವರ್ಷದ ಅದೇ ಮೌನ. ಇವನು ‘ಯಾರ ಪಾಲು, ಯಾರ ಪಾಲು’ ಎಂದು ಸನ್ನೆಯಲ್ಲೇ ಬಾಯಿ ಆಡಿಸಿದ, ಅವಳು ನೋಡಲಿಲ್ಲ. ದೇವರೇ, ನನ್ನ ನಾಲಿಗೆ ಬೇಕಾದರೆ ತಗೋ, ಇವಳದನ್ನು ಬಿಡಿಸು ಎಂದುಕೊಂಡ. ಸೌಮ್ಯಾಳ ಕಣ್ಣು ಅವ್ವನನ್ನು ಹುಡುಕಿ ಅಲ್ಲೇ ನಿಂತಿತು. ಅಡುಗೆಮನೆಯಲ್ಲಿ ಕೂತವಳಂತೆ ಮಾತಾಡತೊಡಗಿದಳು.

“ನ್ಯಾಯ ಅಂದ್ರ ಯಾರ ಪಾಲು ಅವರಿಗೆ ಮುಟ್ಟಿಸೂದ್ರಿ. ಇದು ನಮ್ಮಪ್ಪ ಬಾಯಿಪಾಠ ಮಾಡಿಸಿದ್ದು. ನಮ್ಮವ್ವ ದಿನಾ ಎಲ್ಲಾರಿಗೂ ಬಿಸಿ ರೊಟ್ಟಿ ಕೊಡ್ತಾಳ. ಆಕಿ ಉಣ್ಣಾಕ ಕೂಡೂದ್ರಾಗ ಒಲಿನೂ ಆರಿರ್ತೈತಿ, ರೊಟ್ಟಿನೂ ಆರಿರ್ತೈತಿ. ಒಂದಿನ ನಮ್ಮಪ್ಪ ರೊಟ್ಟಿ ಬಡದ. ಆಗಿದ್ದು ಒಂದ. ಅದನ್ನ ಅವ್ವನ ತಾಟಿಗೆ ಹಾಕಿದ. ಬಿಸಿ ಇತ್ರಿ.”

ಅಕೀಬ ಎದ್ದು, ಆ ರೊಟ್ಟಿ ಹೇಗಿತ್ತು ಎಂದು ಕೇಳಿದ.

“ತಿನ್ನಾಕ ಬರೂಹಂಗಿರಲಿಲ್ಲ,” ಎಂದಳು ಸೌಮ್ಯಾ. “ಆದ್ರ ನ್ಯಾಯ ಇತ್ತು.”

ಪಡಸಾಲೆ ನಗೆಯಲ್ಲಿ ಮುಳುಗಿತು. ಶಿವಯೋಗೀಶನೂ ಎಲ್ಲರಿಗಿಂತ ಜೋರಾಗಿ ನಕ್ಕ. ನಗು ಮುಗಿಯುವುದರೊಳಗೆ ಸಮುವೇಲಪ್ಪ ಮಾಸ್ತರರು, ಮರುದಿನ ಯಾರು ಬಡಿದರಮ್ಮಾ ಎಂದು ಮೆತ್ತಗೆ ಕೇಳಿದರು. ಅವನ ನಗು ಅಲ್ಲೇ ನಿಂತಿತು. ಸೌಮ್ಯಾ ಅಪ್ಪನ ಮುಖ ನೋಡಿದಳು. ಸತ್ಯ ಹೇಳಬೇಕು, ಚೆಂದಾಗಿಯೂ ಹೇಳಬೇಕು.

“ಅವ್ವನರಿ,” ಎಂದಳು. “ನಮ್ಮಪ್ಪ ಇನ್ನ ಮೊದಲನೇ ಮೆಟ್ಟಲದಾಗ ಅದಾನ್ರಿ. ಬಾಯಿಪಾಠ ಆಗೇತಿ.”

ಜನ ಚಪ್ಪಾಳೆ ತಟ್ಟುತ್ತಿದ್ದರು. ಶಿವಯೋಗೀಶನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ, ಹೆಮ್ಮೆಯಿಂದ ತಗ್ಗಿಸಲೂ ಆಗಲಿಲ್ಲ. ಕಣ್ಣಲ್ಲಿ ನೀರು ಬಂತು. ಶಾಂಭವಿ ಒರೆಸಿಕೊಳ್ಳಲು ಸೆರಗಿನ ತುದಿಯನ್ನು ಅವನತ್ತ ಸರಿಸಿದಳು.

ಆ ಸಂಜೆ ಸೌಮ್ಯಾ ತಾಟುಗಳನ್ನು ಮೇಜಿನಿಂದ ಎತ್ತಿ ಅಡುಗೆಮನೆಯ ನೆಲಕ್ಕೆ ತಂದಳು. ಸಂಗವ್ವ ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಶಿವಶಿವಾ ಎಂದಳು. ಶಿವಯೋಗೀಶ ಸೊಂಟಕ್ಕೆ ಟವೆಲ್ ಕಟ್ಟಿಕೊಂಡು ಒಲೆಯ ಮುಂದೆ ನಿಂತು, ಹಿಟ್ಟಿನ ಡಬ್ಬಿ ತೆಗೆದು ನಲ್ಲಿಯ ಕಡೆ ಕೈ ಚಾಚಿದ. ಇದೇನು ನಡೆಸಿದ್ದೀರಿ ಎಂದು ಶಾಂಭವಿ ಕೇಳಿದಳು. ನ್ಯಾಯ ಎಂದ.

ಶಾಂಭವಿ ಮಗಳ ಪಕ್ಕದಲ್ಲಿ ಕೂತು, ಖಾಲಿ ತಾಟನ್ನು ಮುಂದೆ ಎಳೆದುಕೊಂಡಳು.

“ನ್ಯಾಯ ಆಮ್ಯಾಲ ಮಾಡೀರಂತ್ರಿ. ಮೊದಲ ಎಸರಿಡ್ರಿ.”