ಐದನೇ ಮನೆಯಲ್ಲಿ ಕೂತ ಅಕ್ಷರ

ನಾನು ಹಲ್ಲಿನ ಡಾಕ್ಟರು. ಜನ ನನ್ನ ಬಾಗಿಲಿಗೆ ಬರುವುದು ಬೇರೆ ದಾರಿಯೇ ಇಲ್ಲ ಎಂದಾದ ಮೇಲೆ, ಕೆನ್ನೆಯ ಮೇಲೆ ಕೈ ಇಟ್ಟುಕೊಂಡು. ಬಂದವರಾದರೂ ನಿಲ್ಲುತ್ತಾರೆಯೇ? ಮನೆಯ ಮುಂಭಾಗವೇ ನನ್ನ ಕ್ಲಿನಿಕ್ಕು. ಹಾಲಿನಲ್ಲಿ ಎಂಟು ಕುರ್ಚಿ, ಮೂಲೆಯ ಮೇಜಿನ ಹಿಂದೆ ಫೋನು ಮತ್ತು ನನ್ನ ಹೆಂಡತಿ, ಒಳಕೋಣೆಯಲ್ಲಿ ನಾನು ಮತ್ತು ಕೊರೆಯುವ ಮಿಷನ್ನು. ಮಿಷನ್ನು ‘ಝೂಂಯ್’ ಎಂದೊಡನೆ ಹಾಲಿನಲ್ಲಿ ಕೂತವರಿಗೆ ಒಬ್ಬೊಬ್ಬರಾಗಿ ಮನೆಯಲ್ಲಿ ಒಲೆ ಆರಿಸದೆ ಬಂದದ್ದು ನೆನಪಾಗುತ್ತದೆ. ಎದ್ದು ಹೋಗಿಬಿಡುತ್ತಾರೆ.

ಇವರನ್ನು ಕುರ್ಚಿಗೆ ಅಂಟಿಸುವುದು ಹೇಗೆಂದು ತಲೆ ಕೆಡಿಸಿಕೊಂಡಿದ್ದ ನನಗೆ ಒಂದು ಭಾನುವಾರ ಮಧ್ಯಾಹ್ನ ಜ್ಞಾನೋದಯವಾಯಿತು. ಪದಬಂಧ! ಅದೂ ಪತ್ರಿಕೆಯಿಂದ ಕತ್ತರಿಸಿದ್ದಲ್ಲ, ಸ್ವಂತ ನಿರ್ಮಾಣ. ಮೊದಲಿಂದ ಕೊನೆಯವರೆಗೆ ಬಾಯಿ, ಹಲ್ಲಿಗೆ ಸಂಬಂಧಪಟ್ಟ ಪದಗಳೇ.

ಊಟದ ಮೇಜಿನ ಮೇಲೆ ಸ್ಕೇಲಿಟ್ಟು ಮನೆಗಳನ್ನು ಎಳೆದೆ. ಶುರುವಿನಲ್ಲಿ ಪ್ರತಿಭೆ ಉಕ್ಕಿ ಹರಿಯಿತು. ‘ಆನೆಯ ಬಳಿ ಅರ್ಧ, ಅಜ್ಜಿಯ ಬಳಿ ಪೂರ್ತಿ (4)’. ಉತ್ತರ: ದಂತಕಥೆ. (ಆನೆಗಿರುವುದು ದಂತ ಮಾತ್ರ. ಅಜ್ಜಿಗೆ ದಂತವಿಲ್ಲದಿದ್ದರೂ ಕಥೆಗೇನು ಕೊರತೆ?) ‘ಮೇಲಧಿಕಾರಿಯ ಎದುರು ಮಾಡಿದರೆ ನಾಚಿಕೆ, ನನ್ನೆದುರು ಮಾಡಿದರೆ ಪರೀಕ್ಷೆಗೆ ಅನುಕೂಲ (4)’. ಉತ್ತರ: ಹಲ್ಲುಗಿಂಜು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಎಡವಟ್ಟಾದದ್ದು ಬಲಮೂಲೆಯಲ್ಲಿ. ಅಡ್ಡಕ್ಕೆ ಐದು ಮನೆ ಖಾಲಿ ಉಳಿದಿತ್ತು. ಅದರ ಕೊನೆಯ ಮನೆಯಿಂದ ಕೆಳಕ್ಕೆ ‘ಕಿರಿಕಿರಿ’ ಇಳಿಸಿಯಾಗಿತ್ತು. ಸುಳಿವು: ‘ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರು ಕೊಡುವ ಕಾಟ’. ಅಂದರೆ ಐದಕ್ಷರದ, ‘ಕಿ’ಯಲ್ಲಿ ಮುಗಿಯುವ, ಬಾಯಿಗೆ ಸಂಬಂಧಿಸಿದ ಪದ ಬೇಕು. ಅದೇ ಹೊತ್ತಿಗೆ ಹಾಲಿನಿಂದ, ಅಕ್ಕನ ಜೊತೆ ಫೋನಿನಲ್ಲಿ ಮುಕ್ಕಾಲು ಗಂಟೆಯಿಂದ ನಡೆಯುತ್ತಿದ್ದ ನನ್ನ ಹೆಂಡತಿಯ ಸಂಭಾಷಣೆ ತೇಲಿ ಬಂತು. ನಾನು ಬರೆದೆ: ಬಾಯಿಬಡುಕಿ. ಸುಳಿವು: ‘ಎದುರಿನವರಿಗೆ ಉತ್ತರ ಕೊಡಲು ಬಿಡದೆ ಮಾತಾಡುವ ವ್ಯಕ್ತಿ’. ಇದರಲ್ಲಿ ದುರುದ್ದೇಶ ಇರಲಿಲ್ಲ. (ಸ್ವಲ್ಪ ಇತ್ತು.)

ಸೋಮವಾರ ಹೆಂಡತಿಯೇ ಹಾಳೆಗಳನ್ನು ಹಂಚಿದಳು. ಪವಾಡವೇ ನಡೆಯಿತು! ಮಿಷನ್ನು ಝೂಂಯ್ ಎಂದರೂ ಒಬ್ಬರೂ ಅಲುಗಾಡಲಿಲ್ಲ. ಹಲ್ಲುನೋವು ಮರೆತು ಪೆನ್ನು ಕಚ್ಚುತ್ತಿದ್ದರು. ಎದುರು ಬೀದಿಯ ಟೈಲರನ್ನು ಕುರ್ಚಿಯಲ್ಲಿ ಮಲಗಿಸಿ ನಾನು ಆನಂದದಿಂದ ಕೊರೆಯುತ್ತಿದ್ದಾಗ ಬಾಗಿಲು ತೆರೆಯಿತು. ಹೆಂಡತಿಯ ಕೈಯಲ್ಲಿ ನನ್ನ ಉತ್ತರದ ಹಾಳೆ. ಯಾರೋ ಸುಳಿವಿನ ಅರ್ಥ ಕೇಳಿದರೆಂದು ನನ್ನ ಡ್ರಾಯರಿನಿಂದ ತೆಗೆದಿದ್ದಳು.

“ರೀ, ಏನಿದು ಕಿ?”

“ಯಾವ ಕೀ? ಬೀರೂದಾ?”

“ಎಡದಿಂದ ಬಲಕ್ಕೆ ಒಂಬತ್ತು. ಬಾಯಿಬಡುಕಿ! ಬಂದೋರೆಲ್ಲ ಮೊದಲು ಮಾತಾಡೋದು ಯಾರ ಹತ್ರ? ಈ ಸುಳಿವು ಓದಿದ್ರೆ ಯಾರನ್ನ ನೋಡ್ತಾರೆ?”

“ಅದು ರಚನಾತ್ಮಕ ಅನಿವಾರ್ಯತೆ ಕಣೇ. ಆ ಕೊನೇ ಮನೆಯಿಂದ ಕೆಳಕ್ಕೆ ಕಿರಿಕಿರಿ ಇಳೀತಿದೆ. ಅದರ ಕಿ ಇಲ್ಲಿ ಬಂದು ಕೂತಿದೆ. ನಾನೇನು ಮಾಡ್ಲಿ?”

ಅವಳು ಹಾಳೆಯನ್ನು ಅರ್ಧ ನಿಮಿಷ ನೋಡಿದಳು. “ಕರಕರೆ ಅಂತ ಇಳಿಸ್ಬಹುದಿತ್ತಲ್ಲ. ಅದೂ ನಾಲ್ಕೇ ಅಕ್ಷರ, ಅರ್ಥವೂ ಅದೇ. ಆಗ ಅಡ್ಡಕ್ಕೆ ಬಾಯಿಬಡುಕ ಅಂತಾಗ್ತಿತ್ತು.”

ನನ್ನ ಕೈಯಲ್ಲಿದ್ದ ಮಿಷನ್ನು ತಾನಾಗಿಯೇ ನಿಂತಿತು. ಒಂದು ಮಧ್ಯಾಹ್ನವಿಡೀ ನನಗೆ ಹೊಳೆಯದ್ದು ಅವಳಿಗೆ ಅರ್ಧ ನಿಮಿಷದಲ್ಲಿ ಹೊಳೆದಿತ್ತು. ಅಂದರೆ ನನ್ನ ಪದಬಂಧಕ್ಕೆ ಎರಡು ಉತ್ತರ! ಬಾಯಿ ತೆರೆದೇ ಮಲಗಿದ್ದ ಟೈಲರು “ಹ್ಞಾಂ ಹ್ಞಾಂ” ಎಂದರು. ಯಾರ ಪಕ್ಷವೋ ತಿಳಿಯಲಿಲ್ಲ.

“ಸಂಜೆ ಎಲ್ಲರ ಹಾಳೆ ತೆಗೆದು ನೋಡೋಣ” ಎಂದಳು. “ಕಿ ಜಾಸ್ತಿ ಬಂದಿದ್ರೆ ನಾಳೆಯಿಂದ ನಾನು ಆ ಮೇಜಿಗೆ ಬರಲ್ಲ. ನೀವೇ ಫೋನ್ ಎತ್ತಿ, ನೀವೇ ಹಲ್ಲು ಕೀಳಿ.”

ಗೆದ್ದರೆ ಮೇಜು ಖಾಲಿ, ಸೋತರೆ ಮಾನ ಖಾಲಿ. ಆ ದಿನ ಸಂಜೆಯವರೆಗೆ ನಾನು ಯಾವ ಹಲ್ಲನ್ನೂ ನೆಟ್ಟಗೆ ನೋಡಲಿಲ್ಲ.

ಹತ್ತೊಂಬತ್ತು ಹಾಳೆಗಳಿದ್ದವು. ಎರಡರಲ್ಲಿ ಆ ಮೂಲೆ ಖಾಲಿ. ಉಳಿದ ಹದಿನೇಳರಲ್ಲೂ ‘ಕ’! ಮಾನ ಹೋದರೂ ಮೇಜು ಉಳಿಯಿತಲ್ಲ ಎಂದು ನಿಟ್ಟುಸಿರು ಬಿಡುವಷ್ಟರಲ್ಲಿ ನಿವೃತ್ತ ಲೆಕ್ಕದ ಮೇಷ್ಟ್ರ ಹಾಳೆ ಸಿಕ್ಕಿತು. ಹಿಂಬದಿಯಲ್ಲಿ ಅವರು ಮುತ್ತಿನಂಥ ಅಕ್ಷರಗಳಲ್ಲಿ ವಿವರಣೆಯನ್ನೂ ಬರೆದಿದ್ದರು: ‘ಬಾಯಿಬಡುಕ: ನಮ್ಮ ಬಾಯಿಗೆ ಹತ್ತಿ ತುರುಕಿ, ಕೊಳವೆ ಸಿಕ್ಕಿಸಿ, ಅನಂತರ ಮಗಳ ಓದು ಹೇಗೆ ನಡೆದಿದೆ ಎಂದು ವಿಚಾರಿಸುವವರು. ತಮ್ಮನ್ನು ತಾವೇ ಹಾಸ್ಯ ಮಾಡಿಕೊಳ್ಳುವ ಡಾಕ್ಟರು ಅಪರೂಪ. ಅಭಿನಂದನೆಗಳು.’

ಹೆಂಡತಿ ನಗಲಿಲ್ಲ. ನಕ್ಕಿದ್ದರೆ ತಡೆದುಕೊಳ್ಳಬಹುದಿತ್ತು. ಹಾಳೆಗಳನ್ನು ನೀಟಾಗಿ ಜೋಡಿಸಿ, ಪಿನ್ನು ಹೊಡೆದು, “ಜನ ಬುದ್ಧಿವಂತರು” ಎಂದಷ್ಟೇ ಹೇಳಿ ಒಳಗೆ ಹೋದಳು.

ಸರಿ, ಮಂಗಳವಾರದಿಂದ ನಾನು ಮೌನಿಯಾದೆ. ಹಲ್ಲು ಉಂಟು, ನಾನುಂಟು. ಮೊದಲು ಬಂದವರು ಮೂಲೆಯ ಬೇಕರಿಯಮ್ಮ, ಬರೀ ಹಲ್ಲು ಶುಚಿ ಮಾಡಿಸಿಕೊಳ್ಳಲು. ದೀಪ ಹಾಕಿ ನೋಡಿದೆ. “ಹ್ಞೂಂ” ಎಂದೆ. ಆಕೆಯ ಮುಖ ಬಿಳುಚಿಕೊಂಡಿತು.

“ಯಾಕೆ ಡಾಕ್ಟ್ರೇ, ಸುಮ್ಮನಾಗಿಬಿಟ್ರಿ? ಕೆಟ್ಟದ್ದೇನಾದ್ರೂ ಇದೆಯಾ?”

ಇಲ್ಲವೆಂದು ತಲೆಯಾಡಿಸಿದೆ. ಅದನ್ನು ಅವರು ‘ಇನ್ನು ಆಸೆ ಇಲ್ಲ’ ಎಂದು ತಿಳಿದುಕೊಂಡರು. ಕೊರಳಿಗೆ ಕಟ್ಟಿದ್ದ ಬಟ್ಟೆಯ ಸಮೇತ ಎದ್ದು ಹೊರಟೇಹೋದರು. ಹೋಗುತ್ತಾ ಹಾಲಿನಲ್ಲಿ ಏನು ಹೇಳಿದರೋ, ಹನ್ನೊಂದು ಗಂಟೆಗೆ ಎಂಟು ಕುರ್ಚಿಯೂ ಖಾಲಿ.

ಹೆಂಡತಿ ಒಳಗೆ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತಳು. “ಮಾತಾಡಿ ಸಾಯಿಸ್ತಿದ್ರಿ, ಈಗ ಸುಮ್ಮನಿದ್ದು ಹೆದರಿಸ್ತಿದ್ದೀರಿ. ನಿಮಗೆ ಮಧ್ಯದ್ದೊಂದು ಗೊತ್ತೇ ಇಲ್ವಾ?”

ಹಾಗೆಂದವಳೇ ಹೋಗಿ ಫೋನಿನ ಮುಂದೆ ಕೂತಳು. ಒಬ್ಬೊಬ್ಬರಿಗೂ ಅದೇ ಮಾತು: “ಏನೂ ಇಲ್ಲ, ಗಾಬರಿ ಆಗ್ಬೇಡಿ. ನಮ್ಮನೆಯವರಿಗೇ ಬಾಯಿಹುಣ್ಣು. ಪಾಪ, ಮಾತಾಡೋಕಾಗ್ತಿಲ್ಲ.”

ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ವಾಪಸು! ಬೇಕರಿಯಮ್ಮನ ಕೈಯಲ್ಲಿ ಜೇನುತುಪ್ಪ, ಟೈಲರ ಕೈಯಲ್ಲಿ ಯಾವುದೋ ಪುಡಿ, ಮೇಷ್ಟ್ರ ಕೈಯಲ್ಲಿ ಟಾರ್ಚು. ಹುಣ್ಣಿಲ್ಲ ಎಂದರೆ ಹೆಂಡತಿಯನ್ನು ಸುಳ್ಳಿ ಎಂದಂತೆ. ಒಂದು ವಾರಕ್ಕೆ ಒಂದು ಬಿರುದೇ ಸಾಕು ಎಂದು ನನ್ನದೇ ಕುರ್ಚಿಯಲ್ಲಿ ಮಲಗಿ ಬಾಯಿ ತೆರೆದೆ. ಮೇಷ್ಟ್ರು ಬಗ್ಗಿದರು. ಅವರ ಹಿಂದೆ ಇನ್ನೂ ಆರು ತಲೆಗಳು.

“ಹುಣ್ಣು ಕಾಣ್ತಾ ಇಲ್ವಲ್ಲಮ್ಮ” ಎಂದರು ಮೇಷ್ಟ್ರು.

“ಒಳಗಡೆ ಇದೆ” ಎಂದಳು ಹೆಂಡತಿ.

“ಹುಣ್ಣಿಲ್ಲ, ಆದ್ರೆ ಹಿಂದಿನ ದವಡೇಲಿ ಒಂದು ಹಲ್ಲು ಪೂರ್ತಿ ಹುಳುಕಾಗಿದೆ ನೋಡಿ! ಎಷ್ಟು ಕಾಲದಿಂದ ಇದೆಯೋ!” ಎಂದರು ಮೇಷ್ಟ್ರು, ಟಾರ್ಚನ್ನು ಇನ್ನಷ್ಟು ಒಳಕ್ಕೆ ತೂರಿಸಿ.

ಎಲ್ಲರೂ ಒಟ್ಟಿಗೆ ನನ್ನ ಮೇಲೆ ಅನುಕಂಪ ಸುರಿಸಿದರು. ಬೇಕರಿಯಮ್ಮ ನನ್ನ ಭುಜ ಸವರಿ, “ತಡ ಮಾಡ್ಬೇಡಿ ಡಾಕ್ಟ್ರೇ, ಒಳ್ಳೆ ಕಡೆ ತೋರಿಸಿ” ಎಂದರು. ಸೇತುವೆಯ ಆಚೆ ಒಬ್ಬರಿದ್ದಾರೆ, ಕೈ ಬಲು ಹಗುರ, ನೋವೇ ಗೊತ್ತಾಗುವುದಿಲ್ಲ ಎಂದು ಟೈಲರು ಹೇಳಿದರು. ಉಳಿದವರೂ ಹೌದೌದು ಎಂದರು. ಆ ಕೈ ಹಗುರ ಎಂದು ನನ್ನ ರೋಗಿಗಳಿಗೆಲ್ಲ ಹೇಗೆ ಗೊತ್ತು ಎಂದು ಕೇಳಬೇಕೆಂದುಕೊಂಡೆ. ಬಾಯೊಳಗೆ ಟಾರ್ಚಿತ್ತು.

ಅಷ್ಟರಲ್ಲಿ ಹಾಲಿನಿಂದ, ಫೋನಿನಲ್ಲಿ ಮಾತಾಡುತ್ತಿದ್ದ ಹೆಂಡತಿಯ ದನಿ ಕೇಳಿಸಿತು. “ಗುರುವಾರ ನಾಲ್ಕು ಗಂಟೆಗಾ? ಆಗಲಿ ಡಾಕ್ಟ್ರೇ, ನಾನೇ ಕರ್ಕೊಂಡು ಬರ್ತೀನಿ. ಸ್ವಲ್ಪ ಹೆದರ್ತಾರೆ.”