ಐದನೇ ಸಿಲೆಬಲ್ ಆದ ಹಲ್ಲಿನ ಸೆಟ್ಟಿಗೆ

ಮಾನ್ಯ ಕೆಳಸಾಲಿನ ಕಟ್ಟಿಸಿದ ಹಲ್ಲುಗಳೇ,

ಬಚ್ಚಲಿನ ಗೂಡಿನಲ್ಲಿ, ನೀರಿನ ಲೋಟದೊಳಗೆ ಸುಖಾಸೀನರಾಗಿರುವ ತಮಗೆ ಈ ಬಾಯಿಯ ಮೂಲ ಒಡೆಯನಾದ ನಾನು ತಲೆಬಾಗಿ ಮಾಡುವ ನಮಸ್ಕಾರಗಳು. ತಾವು ಬಂದು ಎಂಟು ತಿಂಗಳಾಯಿತು; ಇಂಥದೊಂದು ಪತ್ರ ಬರೆಯಬೇಕಾದೀತೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಮೊಮ್ಮಗಳ ಶಾಲೆಯಲ್ಲಿ ಇಂಗ್ಲಿಷ್ ಪದಗಳ ಸಿಲೆಬಲ್, ಅಂದರೆ ಉಚ್ಚಾರದ ತುಂಡುಗಳನ್ನು, ಎಣಿಸುವ ಸ್ಪರ್ಧೆ ನಡೆಯುತ್ತಿರುವುದು ತಮಗೆ ತಿಳಿದೇ ಇದೆ. ಮನೆಯ ಹಿರಿಯರೊಬ್ಬರು ಪದ ಹೇಳಬೇಕು, ಮಗು ಅವರ ಗದ್ದದ ಕೆಳಗೆ ಅಂಗೈ ಹಿಡಿಯಬೇಕು, ಗದ್ದ ಎಷ್ಟು ಸಲ ಕೈಗೆ ತಾಗುತ್ತದೋ ಅಷ್ಟು ಸಿಲೆಬಲ್. ಟೀಚರಮ್ಮ ಕಲಿಸಿದ ವಿದ್ಯೆ ಇಷ್ಟೇ. ನನ್ನ ಹೆಂಡತಿ ತಾನೇ ಹೋಗುತ್ತೇನೆಂದು ತುದಿಗಾಲಲ್ಲಿ ನಿಂತಿದ್ದರೂ ಮೊಮ್ಮಗಳು ಆರಿಸಿದ್ದು ನನ್ನನ್ನು. ಆ ಹೆಮ್ಮೆಯಲ್ಲಿ ಎರಡು ದಿನ ನನ್ನ ಕಾಲು ನೆಲದ ಮೇಲೆ ನಿಂತಿರಲಿಲ್ಲ.

ಮೊದಲ ಸುತ್ತಿನಲ್ಲಿ ತಾವು ತೋರಿದ ಉತ್ಸಾಹವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ‘ಜಾರ್ಜ್’ ಎಂಬ ಒಂದೇ ಸಿಲೆಬಲ್ಲಿನ ಬಡಪಾಯಿ ಹೆಸರನ್ನು ಹೇಳಿ ಮುಗಿಸಿದ ಮೇಲೂ ತಾವು ಅಲುಗಾಡಿದಿರಿ. ತಮ್ಮನ್ನು ಮತ್ತೆ ಕೂರಿಸಲು ನಾನು ಇನ್ನೊಮ್ಮೆ ಬಾಯಿ ಆಡಿಸಬೇಕಾಯಿತು. ಮಗು ಎರಡು ಎಂದಿತು. ನಾಲ್ಕು ಸಿಲೆಬಲ್ಲಿನ ‘ಎಲಿಜಬೆತ್’ ಮುಗಿಯುವಷ್ಟರಲ್ಲಂತೂ ತಾವು ಬಾಯಿಯಿಂದಲೇ ಹಾರಿ ಅವಳ ಅಂಗೈಯಲ್ಲಿ ವಿರಾಜಮಾನರಾದಿರಿ. ಟೀಚರಮ್ಮ ನಾಲ್ಕೇ ಎಂದರೂ ಅವಳು ಒಪ್ಪದೆ, ಕೈ ಮುಂದೆ ಚಾಚಿ, “ಇಲ್ಲ ಮಿಸ್, ಐದು. ಐದನೇದು ಇಲ್ಲೇ ಇದೆ ನೋಡಿ” ಎಂದಳು.

ನಗು ನಿಂತ ಮೇಲೆ ಸೊನ್ನೆ ಅಂಕ. ಟೀಚರಮ್ಮ ಕನಿಕರಿಸಿ ಶುಕ್ರವಾರಕ್ಕೆ ಇನ್ನೊಂದು ಅವಕಾಶ ಕೊಟ್ಟಿದ್ದಾರೆ. ಬೇಕಿದ್ದರೆ ಹಿರಿಯರನ್ನು ಬದಲಿಸಬಹುದಂತೆ. ಒಂದು ಹಲ್ಲೂ ಬೀಳದ ನನ್ನ ಹೆಂಡತಿ ಅಂದಿನಿಂದ ಕನ್ನಡಿಯ ಮುಂದೆ ನಿಂತು ‘ಯೂನಿವರ್ಸಿಟಿ, ಯೂನಿವರ್ಸಿಟಿ’ ಎನ್ನುತ್ತಿದ್ದಾಳೆ. ನನಗೆ ಹೊಟ್ಟೆ ಉರಿಯುತ್ತಿದೆ, ಮುಚ್ಚುಮರೆ ಏಕೆ.

ಆದ್ದರಿಂದ ತಮ್ಮಲ್ಲಿ ಸವಿನಯ ವಿನಂತಿ: ಒಂದು ಸಿಲೆಬಲ್ಲಿನ ಪದಕ್ಕೆ ದಯವಿಟ್ಟು ಒಂದೇ ಸಲ ಅಲುಗಿ, ಜಿಗಿಯಲೇಬೇಕೆನಿಸಿದರೆ ಮೂರು ದಿನ ಮುಂಚಿತವಾಗಿ ಲಿಖಿತ ಅರ್ಜಿ ಕೊಡಿ, ಅದೂ ಆಗದಿದ್ದರೆ ಇಂಗ್ಲಿಷಿನವರೊಡನೆ ಮಾತಾಡಿ ಎಲಿಜಬೆತ್‌ಗೆ ಇನ್ನೊಂದು ಸಿಲೆಬಲ್ ಮಂಜೂರು ಮಾಡಿಸಿ.

ಗಟ್ಟಿ ತಿಂಡಿ ಕಂಡಾಗಲೆಲ್ಲ ತಮ್ಮನ್ನೇ ನೆಚ್ಚಿಕೊಳ್ಳುವ
ತಮ್ಮ ವಿಶ್ವಾಸಿ,
ಅಜ್ಜ

ವಿ.ಸೂ.: ಇಷ್ಟು ಬರೆಯುವಷ್ಟರಲ್ಲಿ ಮೊಮ್ಮಗಳು ಬಂದು, ನನ್ನ ಬೋಳು ಬಾಯಿಯಿಂದಲೇ ಎರಡೂ ಹೆಸರು ಹೇಳಿಸಿ, ಗದ್ದದ ಕೆಳಗೆ ಅಂಗೈ ಹಿಡಿದು ನೋಡಿದಳು. ಜಾರ್ಜ್ ಒಂದೇ, ಎಲಿಜಬೆತ್ ನಾಲ್ಕೇ. “ಅಜ್ಜ, ನೀನೇ ಬಾ. ಅದನ್ನ ಮನೇಲೇ ಬಿಟ್ಟು ಬಾ” ಎಂದಳು. ಶುಕ್ರವಾರ ತಮಗೆ ರಜೆ. ಲೋಟದ ನೀರನ್ನು ನನ್ನ ಹೆಂಡತಿ ಬದಲಿಸುತ್ತಾಳೆ. ಅವಳಿಗೂ ಅಂದು ಬೇರೆ ಕೆಲಸವಿಲ್ಲ.