ಬಳಗವಿಲ್ಲದ ಊರಿಗೊಂದು ದಾರಿ

ಎಲ್ಲರೂ ಹೋಗಿ ಬಂದ ಮೇಲೆ ಹೋಗುವುದರಲ್ಲಿ ಒಂದು ವಿಶೇಷ ಸುಖವಿದೆ ಎಂಬುದು ನನ್ನ ಬಹಳ ದಿನದ ನಂಬಿಕೆ. ಮದುವೆ ಊಟದಲ್ಲಿ ಕಡೆಯ ಪಂಕ್ತಿಗೆ ಕೂತವನಿಗೆ ಬಡಿಸುವವರು ಕೈ ಬಿಚ್ಚಿ ಬಡಿಸುತ್ತಾರಲ್ಲ, ಹಾಗೆ. ಡಿಸೆಂಬರಿನ ಸೂಟಿ, ಹೊಸ ವರ್ಷದ ಕುಣಿತ, ಸಂಕ್ರಾಂತಿಯ ನದಿ ಸ್ನಾನ, ಸಾಲಿ ಮಕ್ಕಳ ಟ್ರಿಪ್ಪು, ಭಾರತ ಹುಣ್ಣಿಮೆಗೆ ಸವದತ್ತಿ ಗುಡ್ಡದ ಕಡೆ ಹೊರಡುವ ಟ್ರ್ಯಾಕ್ಟರುಗಳ ಸಾಲು, ಇವೆಲ್ಲ ಮುಗಿದು, ಶಿವರಾತ್ರಿಗೆ ಚಳಿಯೂ ಶಿವ ಶಿವಾ ಎಂದು ಹೊರಟುಹೋದ ಮೇಲೆ, ಯುಗಾದಿ ಬರುವ ಮುನ್ನ, ನಡುವೆ ಕೆಲವು ವಾರ ಜಗತ್ತು ಖಾಲಿ ಬಿದ್ದಿರುತ್ತದೆ. ಬೇವು ಚಿಗುರುತ್ತದೆ, ಮಾವಿಗೆ ಹೂ ಬರುತ್ತದೆ, ಲಾಡ್ಜಿನ ಮಾಲಕರು ಮನುಷ್ಯರ ಹಾಗೆ ಮಾತಾಡುತ್ತಾರೆ. ಬೈಲಹೊಂಗಲದ ಪೇಟೆಯಲ್ಲಿರುವ ನನ್ನ ಸ್ಟೀಲ್ ಪಾತ್ರೆ ಅಂಗಡಿಯೂ ಆ ವಾರಗಳಲ್ಲಿ ತೂಕಡಿಸುತ್ತದೆ. ಲಗ್ನದ ಹಂಗಾಮು ಶುರುವಾಗುವ ತನಕ ಕೊಡ ಕೊಳ್ಳುವವರಿಲ್ಲ, ಕೊಪ್ಪರಿಗೆ ಕೇಳುವವರಿಲ್ಲ. ನಾನು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಫೋನಿನಲ್ಲಿ ನಕಾಶೆ ತೆರೆದು, ಬೆರಳಿನಿಂದ ಹಿಗ್ಗಿಸುತ್ತ, ಕುಗ್ಗಿಸುತ್ತ, ಮನಸ್ಸಿನಲ್ಲೇ ದೇಶ ಸುತ್ತುತ್ತೇನೆ. ಖರ್ಚಿಲ್ಲ, ವಾಂತಿ ಇಲ್ಲ.

ಈ ವರ್ಷ ಮಾತ್ರ ಬೆರಳಿನ ಪ್ರವಾಸ ಸಾಕೆನ್ನಲು ನನ್ನ ಹೆಂಡತಿ ಸರೋಜಾ ಬಿಡಲಿಲ್ಲ. ಒಂದು ಸಂಜೆ ಚಹಾದ ಬಟ್ಟಲನ್ನು ನನ್ನ ಮುಂದೆ ಇಟ್ಟು, ಎದುರಿಗೇ ಕುಳಿತು ಹೇಳಿದಳು: "ನೋಡ್ರಿ, ಮಗಳ ಮದಿವಿ ಆತು. ಮಗ ಹಾಸ್ಟೆಲ್ಲಿಗೆ ಹೋದ. ಈ ಸಲರೆ ನನಗ ಒಂದು ಊರು ತೋರಸ್ರಿ. ಅಲ್ಲಿ ಗುಡಿ ಇರಬಾರದು, ಲಗ್ನ ಇರಬಾರದು, ಸತ್ತವರ ಮಣ್ಣಿಗೆ ಹೋಗೂದು ಇರಬಾರದು. ಮುಖ್ಯ ಅಂದ್ರ, ನನ್ನ ಗುರ್ತು ಹಿಡಿಯವರು ಒಬ್ಬರೂ ಇರಬಾರದು."

"ಯಾಕ, ಅಂಥಾದ್ದೇನ ಮಾಡಾಕಿ ಇದ್ದಿ?" ಎಂದೆ ಗಾಬರಿಯಿಂದ.

"ಏನೂ ಮಾಡಂಗಿಲ್ಲ. ಅದಕ್ಕ ಹೊಂಟೇನಿ" ಎಂದಳು. "ದಿನಾ ಇಂಥವರ ಸೊಸಿ, ಇಂಥವರ ಮಗಳು, ಇಂಥವರ ಬೀಗತಿ. ಒಂದು ದಿವಸರೆ ಯಾರೂ ಆಗದ ಇರಬೇಕು ಅನಸೇತಿ ನನಗ."

ಅವಳ ಮಾತಿನ ಹಿಂದೆ ಹಳೆಯ ಗಾಯವೊಂದಿತ್ತು. ನಮ್ಮ ಕಡೆ ಒಂದು ಕಟ್ಟಳೆ ಇದೆ. ಬಳಗದವರ ಊರ ಮುಂದೆ ಹಾಯ್ದು ಹೋಗುವಾಗ ಅವರ ಮನೆಗೆ ಹೋಗದಿದ್ದರೆ ಅದು ಅಪರಾಧ. ಸಾಲ ಮುಳುಗಿಸಿದವನನ್ನಾದರೂ ಕ್ಷಮಿಸುತ್ತಾರೆ, "ನಮ್ಮೂರ ಮ್ಯಾಲೆ ಹಾದು ಹೋದ್ರಂತ, ಮನಿಗೆ ಬರಲಿಲ್ಲಂತ" ಎನ್ನುವುದನ್ನು ಮೂರು ತಲೆಮಾರು ನೆನಪಿಡುತ್ತಾರೆ. ಹಿಂದೊಮ್ಮೆ ಬಾದಾಮಿ ನೋಡಲು ಹೊರಟಿದ್ದೆವು. ಸವದತ್ತಿಯಲ್ಲಿ ಅವಳ ಚಿಕ್ಕವ್ವ. ಐದು ನಿಮಿಷ ಅಂತ ಇಳಿದೆವು, ಉಪ್ಪಿಟ್ಟಾಯಿತು. ರಾಮದುರ್ಗದಲ್ಲಿ ಅವಳ ಸೋದರಮಾವ. ಹೋಳಿಗೆ ಆಯಿತು, ಹೋಳಿಗೆಯ ಮೇಲೆ ನಿದ್ದೆಯೂ ಆಯಿತು. ಸುರೇಬಾನದಲ್ಲಿ ನನ್ನ ಸ್ವಂತ ಅಕ್ಕ. "ಮಾವನ ಮನ್ಯಾಗ ಉಂಡು ನಮ್ಮ ಮನ್ಯಾಗ ಬರೇ ಚಹಾ ಕುಡದು ಹೊಕ್ಕೀಯೇನೋ ಭಾಡ್ಯಾ?" ಎಂದು ಅವಳು ಮತ್ತೊಮ್ಮೆ ಎಲೆ ಹಾಕಿದಳು. ಪ್ರತಿ ಮನೆಯಲ್ಲೂ ಸರೋಜಾಳಿಗೆ ಉಡಿ ತುಂಬಿದರು, ಕುಪ್ಪಸದ ಕಣ ಕೊಟ್ಟರು. ಅದರಲ್ಲೊಂದು ಅವಳೇ ಹಿಂದೆ ಯಾರಿಗೋ ಕೊಟ್ಟಿದ್ದ ಕಣ, ಊರೂರು ಸುತ್ತಿ ಮಡಿಕೆ ಬಿಚ್ಚದೆ ವಾಪಸು ಬಂದಿತ್ತು. ನಮಗಿಂತ ಅದೇ ಹೆಚ್ಚು ಊರು ನೋಡಿತ್ತು ಅನ್ನಿ. ಸಂಜೆ ಹೊತ್ತಿಗೆ ಹಿಂದಿನ ಸೀಟಿನಲ್ಲಿ ಒಂದು ಚೀಲ ಉಳ್ಳಾಗಡ್ಡಿ, ಒಂದು ಪೆಂಟಿ ಬೆಲ್ಲ, ಹೊಟ್ಟೆಯಲ್ಲಿ ಮೂರು ಊಟ ಹೊತ್ತುಕೊಂಡು ಬೈಲಹೊಂಗಲಕ್ಕೆ ಮರಳಿದೆವು. ಬಾದಾಮಿಯ ಪೈಕಿ ನಾವು ನೋಡಿದ್ದು ರಸ್ತೆ ಬದಿಯ ಫಲಕ ಮಾತ್ರ. ಮನೆಗೆ ಬಂದವಳೇ ಸರೋಜಾ ಆ ಕಣಗಳನ್ನೆಲ್ಲ ಟ್ರಂಕಿನ ತಳಕ್ಕೆ ಒಗೆದಳು.

ಹೀಗಾಗಿ ಈ ಸಲ ಊರು ಆರಿಸುವುದೆಂದರೆ ಬಳಗವಿಲ್ಲದ ದಾರಿಯನ್ನು ಆರಿಸುವುದೇ ಆಯಿತು. ಏನು ಉತ್ಸಾಹ ಅಂತೀರಿ! ಇಬ್ಬರೂ ರೊಟ್ಟಿ ತಿಂದು ಕೈ ತೊಳೆದವರೇ ಫೋನಿನ ಮೇಲೆ ಬಗ್ಗುತ್ತಿದ್ದೆವು. ಹಂಪಿ ಅಂದೆ. "ಗದಗಿನ್ಯಾಗ ನಿಮ್ಮ ಕಾಕಾನ ಮಗಳು" ಎಂದಳು. ಮಹಾಬಳೇಶ್ವರ ಅಂದೆ, ಸ್ಟ್ರಾಬೆರಿ ಹಂಗಾಮು ಬೇರೆ. "ಕೊಲ್ಲಾಪುರದಾಗ ನಮ್ಮ ತಂಗಿಯ ಮಾವ." ವಿಜಯಪುರ ಅಂದೆ. ಅವಳು ಬರೀ ನಕ್ಕಳು. ಆ ದಾರಿಯಲ್ಲಿ ನಮಗೆ ಊಟ ಹಾಕದ ಊರೇ ಇಲ್ಲ. ಸರ್ಕಾರ ದೇಶವನ್ನು ಜಿಲ್ಲೆ ತಾಲೂಕುಗಳಾಗಿ ಹಂಚಿದೆ ಎನ್ನುತ್ತಾರೆ, ಸುಳ್ಳು. ದೇಶವನ್ನು ಹಂಚಿದವರು ನಮ್ಮ ಅಜ್ಜಂದಿರು, ಹೆಣ್ಣು ಕೊಟ್ಟು ಹೆಣ್ಣು ತಂದು. ಕೊನೆಗೆ ಸರೋಜಾಳೇ ಬೆರಳನ್ನು ನಕಾಶೆಯ ಎಡಕ್ಕೆ, ಎಡಕ್ಕೆ ಸರಿಸುತ್ತ ಹೋಗಿ ನೀಲಿ ಬಣ್ಣದ ಅಂಚಿಗೆ ಇಟ್ಟಳು. "ಇಲ್ಲಿ? ನೀರಾಗ ಯಾರೂ ಇಲ್ಲಲ್ಲ?" ಕಾರವಾರ! ಇಬ್ಬರೂ ಒಮ್ಮೆಲೇ ಮುಖ ನೋಡಿಕೊಂಡೆವು. ಈ ವಯಸ್ಸಿನ ತನಕ ಅವಳು ಕಂಡ ದೊಡ್ಡ ನೀರು ಮಲಪ್ರಭೆಯ ಮಹಾಪೂರ ಮಾತ್ರ. ನನಗೆ ಅಂಗಡಿಯ ಕೊಡಗಳನ್ನೆಲ್ಲ ಬಾರಿಸಬೇಕೆನ್ನುವಷ್ಟು ಖುಷಿಯಾಯಿತು.

ಆದರೆ ದಾರಿಯಲ್ಲಿ ಕಿತ್ತೂರು ಇತ್ತು. ಕಿತ್ತೂರಿನಲ್ಲಿ ರಸ್ತೆಗೆ ಹತ್ತಿಯೇ ಮಗಳ ಅತ್ತೆ ಮನೆ ಇತ್ತು. ಕಟ್ಟೆಯ ಮೇಲೆ ಬೀಗರು ಇರುತ್ತಿದ್ದರು. ಬೇರೆ ಯಾರ ಮನೆ ತಪ್ಪಿಸಿದರೂ ಸುಧಾರಿಸಬಹುದು, ಹೆಣ್ಣು ಕೊಟ್ಟ ಮನೆ ತಪ್ಪಿಸಿ ಬದುಕಿದವರುಂಟೇ? ನಿಂತರೋ, ಅಂದಿನ ಸಮುದ್ರ ಅಲ್ಲಿಯೇ ಸಾರಿನ ಬಟ್ಟಲಲ್ಲಿ ಮುಗಿಯುತ್ತದೆ. ದವಾಖಾನೆಗೆ ಹೊರಟಿದ್ದೇವೆ ಅಂದರಾಯಿತು ಎಂದು ನಾನು ಉಪಾಯ ಹೇಳಿದೆ.

"ನಿಮಗ ಬುದ್ಧಿ ಯಾವಾಗ ಬರತೈತಿ?" ಎಂದಳು ಸರೋಜಾ. "ದವಾಖಾನಿ ಅಂದ್ರ ಸಂಗೊಳ್ಳಿಯಿಂದ ನಮ್ಮಣ್ಣ ಗಾಡಿ ತುಂಬ ಮಂದಿ ತಗೊಂಡು ಬರತಾನ. ಹಿಂದಿನಿಂದ ಗಂಜಿ ಡಬ್ಬಿ ಬರತೈತಿ. ಪಾತ್ರಿ ಖರೀದಿಗೆ ಹೊಂಟೀವಿ ಅನ್ರಿ. ಖರೀದಿ ಅಂದ್ರ ಒಬ್ಬರೂ ಜೋಡಿ ಬರಂಗಿಲ್ಲ." ಆಮೇಲೆ ದನಿ ತಗ್ಗಿಸಿ ಸೇರಿಸಿದಳು: "ಇನ್ನೊಂದು ಮಾತು. ಈ ಸಲ ಯಾರದರೆ ಮನಿ ಮುಂದ ನೀವು ಗಾಡಿ ನಿಲ್ಲಿಸಿದ್ರ ನಾ ಅಲ್ಲೇ ಇಳದು ಬಸ್ ಹಿಡದು ವಾಪಸ್ ಬರಾಕಿ. ಮುಂದ ಜಲ್ಮದಾಗ ನಿಮ್ಮ ಜೋಡಿ ಎಲ್ಲೂ ಬರಂಗಿಲ್ಲ." ಅವಳು ನಗದೆ ಹೇಳಿದ್ದಳು.

ಬೀಗರು ಸ್ನಾನ ಮುಗಿಸಿ ಲಿಂಗಪೂಜೆಗೆ ಕೂಡುವ ಹೊತ್ತು ನನಗೆ ಗೊತ್ತಿತ್ತು. ಆ ಹೊತ್ತಿನಲ್ಲಿ ಮನೆಗೆ ಬೆಂಕಿ ಬಿದ್ದರೂ ಅವರು ಕಣ್ಣು ತೆರೆಯುವವರಲ್ಲ. ಅದೇ ಸಮಯಕ್ಕೆ ಸರಿಯಾಗಿ ಕಿತ್ತೂರು ದಾಟುವಂತೆ ಹೊರಟೆವು. ನಮ್ಮ ಕಾರಿನ ಹಿಂದಿನ ಗಾಜಿನ ಮೇಲೆ ಮಕ್ಕಳಿಬ್ಬರ ಹೆಸರನ್ನು ದೊಡ್ಡ ಅಕ್ಷರದಲ್ಲಿ ನಾನೇ ಹಚ್ಚಿಸಿದ್ದೆ, ಹೆಮ್ಮೆಯಿಂದ. ಈಗ ಅದಕ್ಕೆ ಒಳಗಿನಿಂದ ಟವೆಲ್ ಕಟ್ಟಿದರೆ ಹೊರಗಿನ ಹೆಸರು ಇನ್ನೂ ಎದ್ದು ಕಾಣತೊಡಗಿತು. ಹೊರಗಿನಿಂದ ಸಗಣಿ ಬಳಿಯೋಣವೇ ಅಂದೆ. ಸರೋಜಾ ಹಳೆಯ ಪೇಪರು ಅಂಟಿಸಿದಳು. ಅವಳು ಸೀರೆ ಬಿಟ್ಟು, ಮಗಳು ತವರಲ್ಲಿ ಬಿಟ್ಟುಹೋದ ಚೂಡಿದಾರ ಹಾಕಿಕೊಂಡಿದ್ದಳು. ಜೀವಮಾನದಲ್ಲಿ ಮೊದಲ ಸಲ! ನಾಚಿಕೆಯೂ ನಗುವೂ ಒಟ್ಟಿಗೇ ಬಂದು ಅವಳ ಮುಖ ನೋಡುವ ಹಾಗಿತ್ತು. ಬೀಗರ ಮನೆ ಹತ್ತಿರ ಬಂದಂತೆ ಸೀಟಿನಲ್ಲಿ ಕೆಳಗೆ ಜಾರಿ ಕೂತಳು. ನಾನು ಓರೆಗಣ್ಣಿನಿಂದ ನೋಡಿದೆ. ಕಟ್ಟೆ ಖಾಲಿ! ಒಳಗಿನಿಂದ ಗಂಟೆಯ ಸದ್ದು! ಬಾಗಿಲ ಮುಂದೆ ಮಗಳು ಹಾಕಿದ ರಂಗೋಲಿ ಮಾತ್ರ ಇತ್ತು.

"ತಡೀರಿ" ಎಂದಳು ಸರೋಜಾ ಕೆಳಗಿನಿಂದಲೇ.

"ಏನಾತು?"

"ನಿಲ್ಲಬ್ಯಾಡ್ರಿ. ಒಂದು ಸಲ ಹಾರ್ನ್ ಹೊಡೀರಿ. ಸಣ್ಣಗ."

ತಾಯಿ ಕರುಳು. ನಾನು ಸಣ್ಣಗೆ ಪೀಂ ಅನ್ನಿಸಿ, ಆಕ್ಸಿಲರೇಟರ್ ಒತ್ತಿದ ಹೊಡೆತಕ್ಕೆ ಧಾರವಾಡ ಬಂತು. ಆಮೇಲೆ ನಮ್ಮಿಬ್ಬರಿಗೂ ನಗು ತಡೆಯಲಿಲ್ಲ. ಕಲಘಟಗಿ ದಾಟಿದಾಗ ಹಾಡಿದಳು. ಯಲ್ಲಾಪುರದ ಕಾಡಿನಲ್ಲಿ ಕಿಟಕಿಯಿಂದ ಕೈ ಹೊರಗೆ ಚಾಚಿದಳು. ಘಟ್ಟ ಇಳಿಯುವಾಗ ಇವಳೇ ನಾನು ಮದುವೆಯಾದ ಹುಡುಗಿ ಎಂದು ನನಗೆ ನೆನಪಾಯಿತು. ಇಷ್ಟು ಸಣ್ಣ ಆಸೆಗೆ ಇಷ್ಟು ವರ್ಷ ಬೇಕಾಯಿತಲ್ಲ ಅನ್ನಿಸಿತು.

ಸಮುದ್ರದ ವರ್ಣನೆ ನನ್ನಿಂದಾಗದು. ಸರೋಜಾ ಅದನ್ನು ಕಂಡು "ಯವ್ವಾ!" ಎಂದು ಕೂಗಿ ಚಪ್ಪಲಿ ಬಿಟ್ಟು ಓಡಿದಳು, ಅಷ್ಟು ಹೇಳಿದರೆ ಸಾಕು. ಸೂಟಿಯ ಗದ್ದಲ ಮುಗಿದ ದಂಡೆ ಖಾಲಿಖಾಲಿ. ಎಳನೀರಿನವನು ಮರದ ಕೆಳಗೆ ಮಲಗಿದ್ದ. ಅವಳು ಅಲ್ಲೇ ಒಂದು ಅಗಲವಾದ ಟೋಪಿ ಕೊಂಡು, ತುರುಬು ಬಿಚ್ಚಿ ಹಾಕಿ, ಮೊಣಕಾಲ ತನಕ ನೀರಿನಲ್ಲಿ ನಿಂತು ತೆರೆಗಳ ಜೊತೆ ಏನೋ ಮಾತಾಡತೊಡಗಿದಳು. ನಾನು ಉಸುಕಿನ ಮೇಲೆ ಕೂತೆ. ಐದು ನಿಮಿಷ ಸಮುದ್ರ ನೋಡಿದೆ. ಚೆನ್ನಾಗಿತ್ತು. ಇನ್ನೂ ಐದು ನಿಮಿಷ ನೋಡಿದೆ. ಅದೇ ಇತ್ತು.

ಇಲ್ಲಿ ನನ್ನ ಕಸುಬಿನ ಬಗ್ಗೆ ಒಂದು ಮಾತು. ಪಾತ್ರೆಯ ಮೇಲೆ ಹೆಸರು ಕೊರೆದು ಕೊಡುವುದು ನನ್ನ ಅಂಗಡಿಯ ಅರ್ಧ ಕೆಲಸ. ಇಂಥವರಿಂದ ಇಂಥವರಿಗೆ ಎಂದು ಕೊರೆಯಬೇಕಾದರೆ ಯಾವೂರು, ಯಾರ ಮನೆ, ಏನಾಗಬೇಕು ಎಂದು ಕೇಳಲೇಬೇಕು. ಕೇಳಿ ಕೇಳಿ ನಾಲಗೆಗೆ ಅದೇ ಚಟ. ಅಷ್ಟರಲ್ಲಿ ಪಕ್ಕದ ನೆರಳಿನಲ್ಲಿ ಗಂಡ ಹೆಂಡತಿ ಇಬ್ಬರು ಬುತ್ತಿ ಬಿಚ್ಚಿದರು. ಕಟಕ್ ಎಂದು ಸಜ್ಜಿ ರೊಟ್ಟಿ ಮುರಿದ ಸದ್ದು, ಹಿಂದೆಯೇ ಶೇಂಗಾ ಚಟ್ನಿಯ ವಾಸನೆ. ದೇವರಾಣೆ, ನಾನು ತಡೆದುಕೊಳ್ಳಲು ನೋಡಿದೆ. ಬಾಯಿ ತಾನಾಗಿ ತೆರೆಯಿತು: "ಯಾವೂರ್ರಿ ನಿಮ್ಮದು?"

"ಸುರೇಬಾನ ರಿ" ಎಂದ ಆತ, ಮುಖ ಅರಳಿಸಿ. ಅವನ ಹೆಂಡತಿಯ ಮುಖ ಮಾತ್ರ ಬಾಡಿತು. ಆಕೆ ಅವನ ತೊಡೆ ಚಿವುಟಿದ್ದನ್ನು ನಾನು ಕಂಡೆ, ಕಂಡರೂ ನಿಲ್ಲಲಿಲ್ಲ. ರೊಟ್ಟಿಯೊಂದು ನನ್ನ ಕೈಗೆ ಬರುವಷ್ಟರಲ್ಲಿ ಆತ ನನ್ನ ಅಕ್ಕನ ಮೈದುನನಿಗೆ ಷಡ್ಡಕ ಎಂದು ಸಿದ್ಧವಾಗಿತ್ತು.

"ಹಂಗಾದ್ರ ನಾವು ನೀವು ಬೀಗರಾದ್ವಿ!" ಎಂದು ಆತ ನನ್ನ ಕೈ ಹಿಡಿದು ಕುಲುಕಿದ. "ತಡೀರಿ, ನಿಮ್ಮ ಅಕ್ಕಾರಿಗೆ ಫೋನ್ ಹಚ್ಚತೇನಿ" ಎಂದವನೇ ವಿಡಿಯೋ ಕಾಲ್ ಮಾಡಿ ಫೋನನ್ನು ನನ್ನ ಕೈಗೆ ತುರುಕಿದ. ಅಡಿಗೆ ಮನೆಯ ಹೊಗೆಯಲ್ಲಿ ಅಕ್ಕನ ಮುಖ ಮೂಡಿತು. "ಏನೋ ಇದು? ಅಲ್ಲೇನ ಮಾಡಾಕತ್ತಿ? ನಮ್ಮೂರಿಗೆ ಬಾ ಅಂದ್ರ ಪುರಸೊತ್ತಿಲ್ಲ ಅಂತಿ! ಸರೋಜಾ ಎಲ್ಲಿ?"

ಅದೇ ಹೊತ್ತಿಗೆ ಸರೋಜಾ ನೀರಿನಿಂದ ಎದ್ದು ಬರುತ್ತಿದ್ದಳು. ಒದ್ದೆ ಚೂಡಿದಾರ, ಬಿಚ್ಚಿದ ಕೂದಲು, ಕಣ್ಣು ಮುಚ್ಚುವಷ್ಟು ಅಗಲದ ಟೋಪಿ. ಸಂಭ್ರಮದಲ್ಲಿ ನಾನು ಫೋನನ್ನು ಅವಳ ಕಡೆ ತಿರುಗಿಸಿ, "ಇಕಿ ನೋಡ್ರಿ, ನಮ್ಮ ಮನಿಯವರು!" ಎಂದು ಎಲ್ಲರಿಗೂ ಪರಿಚಯಿಸಿದೆ.

ಸರೋಜಾ ನಿಂತಳು. ನನ್ನ ಕೈಯಲ್ಲಿದ್ದ ರೊಟ್ಟಿ ನೋಡಿದಳು. ಹೊಸ ಬೀಗರನ್ನು ನೋಡಿದಳು. ಫೋನ್ ನೋಡಿದಳು. ಆಮೇಲೆ ಬಹಳ ಗೌರವದಿಂದ, "ಯಾರ್ರಿ ನೀವು? ನಿಮ್ಮ ಗುರ್ತು ಹತ್ತಲಿಲ್ಲ" ಎಂದು ಹೇಳಿ, ನೆಟ್ಟಗೆ ದೋಣಿ ನಿಂತಿದ್ದ ಕಡೆ ನಡೆದಳು.

ಸುರೇಬಾನದ ಹೆಣ್ಣುಮಗಳು ದಿಗ್ಗನೆ ಎದ್ದಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ತಡೀರಿ ಅಕ್ಕಾರ, ನನಗೂ ಇಲ್ಲಿ ಯಾರ ಗುರ್ತೂ ಇಲ್ಲ. ನಾನೂ ಬರತೇನಿ" ಎಂದು ಹಿಂದೆಯೇ ಓಡಿದಳು. ಅವಳ ಗಂಡ ಬಾಯಲ್ಲಿದ್ದ ತುತ್ತು ನುಂಗದೆ ಕೂತ.

ದೋಣಿ ಹೊರಟಿತು. ಇಬ್ಬರೂ ಹೆಂಗಸರು ನಗುವುದು ದಂಡೆಯ ತನಕ ಕೇಳುತ್ತಿತ್ತು. ಫೋನಿನೊಳಗಿಂದ ಅಕ್ಕ ಬಯ್ಯುತ್ತಲೇ ಇದ್ದಳು: "ಕಂಡ ಕಂಡ ಹೆಣ್ಣಮಕ್ಕಳನ್ನ ಮನಿಯವರು ಅಂತೀಯಲ್ಲೋ, ನಾಚಿಕಿ ಬರಂಗಿಲ್ಲೇನು? ಇಡು, ಸರೋಜಾಗ ಹೇಳತೇನಿ!" ಗುರುತಿನವರು ಒಬ್ಬರೂ ಇಲ್ಲದ ಊರನ್ನು ನಾವು ವಾರಗಟ್ಟಲೆ ಹುಡುಕಿ ಆರಿಸಿದ್ದೆವು. ಅಂಥ ಊರಿಗೆ ಅವಳು ಜೊತೆಗೆ ಕರೆದುಕೊಂಡು ಹೋಗಬಾರದಿದ್ದ ಗುರುತಿನವನು ನಾನೊಬ್ಬನೇ ಎಂಬುದು ಮಾತ್ರ ನನಗೆ ಹೊಳೆದಿರಲಿಲ್ಲ.